ಹಾರ್ಡ್‌ಕೋರ್ ಗಿಗ್‌ಗೆ ಬಂದ ರ‍್ಯಾಪರ್ ಅಣ್ಣ, ನಮ್ಮ ಸಾಹಿತ್ಯದ ಹಾಳೆಗೆ ಪ್ರಸ್ತಾರ ಹಾಕಿಬಿಟ್ಟರು

ಮೂರುಕಾರ್ಡ್:

ನಮ್ಮದು ಬೆಂಗಳೂರಿನ ಒಂದು ಹಾರ್ಡ್‌ಕೋರ್ ಪಂಕ್ ಬ್ಯಾಂಡ್, ಅಂದರೆ ಭಾರಿ ವೇಗದ, ಗದ್ದಲದ ರಾಕ್. ನಾನು ಹಾಡುವವನು. ಹಾಡುವುದು ಅಂದರೆ ಕಿರುಚುವುದು, ಅದರಲ್ಲಿ ಮುಚ್ಚಿಡೋದೇನೂ ಇಲ್ಲ. ಹಾಡುಗಳು ಒಂದೂವರೆ ನಿಮಿಷ ದಾಟುವುದು ಅಪರೂಪ. ಸಾಹಿತ್ಯ ಪೂರ್ತಿ ಕನ್ನಡ. ಆದರೆ ಆ ಗದ್ದಲದಲ್ಲಿ ಅದು ಯಾವ ಭಾಷೆ ಅಂತ ನಮ್ಮ ಅಮ್ಮನಿಗೂ ಗೊತ್ತಾಗಿಲ್ಲ. ಹಾಗಾಗಿ ಬಾಗಿಲಲ್ಲೇ ಸಾಹಿತ್ಯದ ಜೆರಾಕ್ಸ್ ಹಂಚುತ್ತೇವೆ. ಪಂಕ್‌ನಲ್ಲಿ ಇದು ಹಳೇ ರೂಢಿ. ರೆಕಾರ್ಡ್ ಕವರಿನೊಳಗೆ ಸಾಹಿತ್ಯದ ಹಾಳೆ ಮಡಚಿ ಇಡುವುದು, ಕೈಬರಹದ ಪುಟಾಣಿ ಪತ್ರಿಕೆ ಜೆರಾಕ್ಸ್ ಮಾಡಿ ಹಂಚುವುದು, ಎಲ್ಲ ಮೊದಲಿನಿಂದಲೂ ಇದೆ.

ಹೋದ ತಿಂಗಳ ಗಿಗ್‌ನಲ್ಲಿ ಹಿಂದಿನ ಗೋಡೆಗೆ ಒರಗಿ ಒಬ್ಬರು ಆ ಹಾಳೆ ಓದುತ್ತಾ ನಿಂತಿದ್ದರು. ಪಿಟ್ ಕಡೆ, ಅಂದರೆ ಸ್ಟೇಜ್ ಮುಂದೆ ಜನ ನುಗ್ಗಿ ಕುಣಿಯುವ ಜಾಗದ ಕಡೆ, ಕಣ್ಣೇ ಇಲ್ಲ. ಮೊಬೈಲ್ ಟಾರ್ಚ್ ಹಾಕಿಕೊಂಡು ಪೆನ್ನಿನಲ್ಲಿ ಏನೋ ಗೀಚುತ್ತಿದ್ದರು. ಯಾರಪ್ಪಾ ಇವರು ಅಂತ ಇಣುಕಿ ನೋಡಿದರೆ, ನಾನು ಕಾಲೇಜಿನಿಂದ ತಲೆ ಮೇಲೆ ಹೊತ್ತುಕೊಂಡಿರುವ ರ‍್ಯಾಪರ್!

ಅವರ ಹೆಸರು ಹಾಕುವುದಿಲ್ಲ. ಹಾಕಬೇಡ ಅಂತ ಅವರೇ ಹೇಳಿದ್ದಾರೆ. ಕಾಮಾಕ್ಷಿಪಾಳ್ಯದ ಕಡೆಯವರು. ಹಗಲು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ. ಲೇಬಲ್ ಇಲ್ಲ, ಸಿನಿಮಾ ಹಾಡಿಲ್ಲ, ರೀಲ್ಸ್ ಕೂಡ ಇಲ್ಲ. ಟ್ರ್ಯಾಕುಗಳು ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಸೆಕೆಂಡ್ ಶಿಫ್ಟು, ಮುಳುಗಿದ ಚೀಟಿ, ಅಡ್ವಾನ್ಸ್ ವಾಪಸ್ ಕೊಡದ ಓನರ್, ಇವೇ ವಿಷಯ. ಒಂದು ಪದ ತೆಗೆದರೆ ಸಾಲು ಬಿದ್ದುಹೋಗಬೇಕು, ಅಷ್ಟು ಬಿಗಿ. ಕನ್ನಡದಲ್ಲಿ ಬರೆಯುವವರಲ್ಲಿ ನನ್ನ ಪಾಲಿಗೆ ಇವರೇ ಮೊದಲು.

ಸೆಟ್ ಮುಗಿಸಿ ಇಳಿದಾಗ ನನ್ನ ದನಿ ಅರ್ಧ ಹೋಗಿತ್ತು. "ಅಣ್ಣಾ, ನಾನು ನಿಮ್ಮ..." ಅಂತ ಶುರು ಮಾಡಿದೆ. ಅವರು ಹೊಗಳಿಕೆಗೆ ಬಿಡಲೇ ಇಲ್ಲ. ಹಾಳೆ ಮುಂದೆ ಹಿಡಿದರು.

"ಇದು ನೀನೇ ಬರ್ದಿದ್ದಾ ಗುರು?"

"ಹೂಂ ಅಣ್ಣ."

"ಲೆಕ್ಕ ಹಾಕಿ ಬರ್ದಿದ್ದಾ, ಇಲ್ಲ ಹಂಗೇ ಬಂತಾ?"

"ಯಾವ ಲೆಕ್ಕ?"

"ಬಾ, ಏನಾದ್ರೂ ತಿನ್ನೋಣ. ಹೇಳ್ತೀನಿ."

ಎಗ್ ರೈಸ್ ಗಾಡಿಯ ತಗಡಿನ ಮೇಲೆ ಹಾಳೆ ಹರವಿದರು. ಪ್ರತಿ ಅಕ್ಷರದ ಮೇಲೂ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ). ನಾಲ್ಕು ನಾಲ್ಕು ಮಾತ್ರೆಗೆ ಒಂದು ಗೆರೆ. ಹೈಸ್ಕೂಲಿನಲ್ಲಿ "ಪ್ರಸ್ತಾರ ಹಾಕಿ ಗಣ ವಿಂಗಡಿಸಿ" ಅಂತ ಪ್ರಶ್ನೆ ಬರ್ತಿತ್ತಲ್ಲ, ಸಾಕ್ಷಾತ್ ಅದೇ. ಮೂರು ಮಾರ್ಕಿಗೆ ಕಲಿತು ಮರೆತ ವಿದ್ಯೆಯನ್ನು ಈ ಮನುಷ್ಯ ದಿನಾ ಬಳಸುತ್ತಿದ್ದಾರೆ.

ಕೊನೆಗೆ, "ಒಟ್ಟಿಗೆ ಒಂದು ಹಾಡು ನೋಡೋಣ್ವಾ?" ಅಂದರು. ನನಗೆ ಆಸೆ ಇದೆ. ಬ್ಯಾಂಡಿನಲ್ಲಿ ಎಲ್ಲರಿಗೂ ಇಲ್ಲ. ನೀವು ಏನಂತೀರಿ?

ಪಿಟ್_ಪುಟ್ಟಿ:

ಆ ಗಿಗ್‌ನಲ್ಲಿ ನಾನೂ ಇದ್ದೆ!! ಟಾರ್ಚ್ ಹಾಕಿಕೊಂಡು ನಿಂತವರನ್ನು ನೋಡಿ ಯಾರೋ ಲೈಸೆನ್ಸ್ ಚೆಕ್ ಮಾಡೋಕೆ ಬಂದಿದ್ದಾರೆ ಅಂದುಕೊಂಡಿದ್ದೆ. ಹಾಳೆಯಲ್ಲಿ ಏನಿತ್ತು ಅಂತ ಹಾಕಿ ಪ್ಲೀಸ್. ಸುಮ್ನೆ ಆಸೆ ತೋರಿಸಿ ನಿಲ್ಲಿಸಬೇಡಿ.

ಮೂರುಕಾರ್ಡ್:

ಫೋಟೋ ಬೇಡ, ಅವರ ಕೈಬರಹ ಅದು. ನನ್ನ ಎರಡು ಸಾಲು ಹಾಕ್ತೀನಿ:

ಬಾಡಿಗೆ ಮನೆಯಲಿ ಗೋಡೆಗೆ ಮೊಳೆಯಿಲ್ಲ
ಓಡುವ ಊರಲಿ ಕೂಡಲು ನೆಲೆಯಿಲ್ಲ

ಗೋಡೆಗೆ ಮೊಳೆ ಹೊಡೆಯಬಾರದು ಅನ್ನೋ ಓನರ್ ಎಲ್ಲರಿಗೂ ಸಿಕ್ಕಿರ್ತಾರೆ, ವಿವರಿಸೋದು ಬೇಡ.

ಅವರು ಇದರಲ್ಲಿ ಮೊದಲು ನಾಲ್ಕು ಅಕ್ಷರಗಳಿಗೆ ಸುತ್ತು ಹಾಕಿದ್ದರು. ಬಾಡಿಗೆ, ಗೋಡೆಗೆ, ಓಡುವ, ಕೂಡಲು. ನಾಲ್ಕರಲ್ಲೂ ಎರಡನೇ ಅಕ್ಷರ ಡ. ನಾಲ್ಕರಲ್ಲೂ ಮೊದಲನೆಯದು ಗುರು. "ಸಾಲಿನ ಕೊನೆಗೆ ಪ್ರಾಸ ಎಲ್ಲರೂ ಹಾಕ್ತಾರೆ. ಸಾಲಿನ ತಲೆಗೆ ಹಾಕೋದು ನಮ್ಮ ಹಳೇ ಕವಿಗಳ ಕೆಲಸ. ನಿನ್ನ ಕಿವಿಗೆ ಅದು ಹೆಂಗೋ ಬಂದಿದೆ" ಅಂದರು. ನಾನು ಇದನ್ನು ಯೋಚಿಸಿ ಬರೆದಿರಲಿಲ್ಲ. ಬಾಯಿಗೆ ಚೆನ್ನಾಗಿ ಸಿಕ್ಕಿತು, ಬರೆದೆ ಅಷ್ಟೇ.

ಆಮೇಲೆ ಮಾತ್ರೆ. ಬಾಡಿಗೆ ನಾಲ್ಕು. ಮನೆಯಲಿ ನಾಲ್ಕು. ಗೋಡೆಗೆ ನಾಲ್ಕು. ಮೊಳೆಯಿಲ್ಲ ಐದು. ಎರಡನೇ ಸಾಲೂ ಇದೇ ರೀತಿ. ಒಟ್ಟು ಹದಿನೇಳು. "ಹದಿನಾರು ಇದ್ದಿದ್ರೆ ನನ್ನ ಒಂದು ಬಾರ್‌ಗೆ ಸರಿಯಾಗಿ ಕೂತಿರೋದು. ಈ ಒಂದು ಮಾತ್ರೆ ಹೊರಗೆ ಚೆಲ್ತಾ ಇದೆ. ಉಸಿರು ಎಲ್ಲಿ ತಗೋತೀಯ?" ಅಂತ ಕೇಳಿದರು. ಬಾರ್ ಅಂದರೆ ನಾಲ್ಕು ಬೀಟಿನ ಒಂದು ಸುತ್ತು.

ಇಲ್ಲಿ ನಾನು ಒಪ್ಪಲಿಲ್ಲ. ಆ 'ಇಲ್ಲ' ನಂದಲ್ಲ ಅಣ್ಣ, ಜನರದ್ದು ಅಂದೆ. ನಾನು 'ಮೊಳೆ' ಅಂತ ಹೇಳಿ ಬಾಯಿ ಮುಚ್ಚುತ್ತೇನೆ. ಹದಿನಾಲ್ಕು ಮಾತ್ರೆಗೆ ನನ್ನ ಕೆಲಸ ಮುಗಿಯಿತು. ಎರಡು ಮಾತ್ರೆ ಖಾಲಿ, ಅಲ್ಲಿ ಉಸಿರು. ಮುಂದಿನ ಬಾರ್‌ನ ಮೊದಲ ಏಟಿಗೆ ಇಡೀ ಪಿಟ್ "ಇಲ್ಲ!" ಅಂತ ಕೂಗುತ್ತದೆ. ಅವರು ತಟ್ಟೆ ಕೆಳಗಿಟ್ಟು, ತಗಡಿನ ಮೇಲೆ ಬೆರಳಲ್ಲಿ ಬಡಿದು ನೋಡಿದರು. ಆಮೇಲೆ ಇಬ್ಬರೂ ಒಂದೇ ಸಮನೆ ಅರ್ಧ ಗಂಟೆ ಮಾತಾಡಿದೆವು. ಅಲ್ಲಿಯವರೆಗೆ ಅವರು ಹೇಳುವವರು, ನಾನು ಕೇಳುವವನು ಆಗಿದ್ದೆ.

ರೂಲ್ಸ್_ಬ್ರೇಕ್:

ಬೇಜಾರು ಮಾಡ್ಕೋಬೇಡಿ. ಪಂಕ್‌ಗೆ ಪ್ರಸ್ತಾರ ಯಾಕೆ? ಕನ್ನಡ ಕ್ಲಾಸಿಂದ ತಪ್ಪಿಸಿಕೊಂಡು ಬಂದವರೇ ನಾವೆಲ್ಲ. ನೇಪಾಮ್ ಡೆತ್ ಬ್ಯಾಂಡಿನವರು 1.316 ಸೆಕೆಂಡಿನ ಹಾಡು ಮಾಡಿ ಗಿನ್ನೆಸ್ ದಾಖಲೆಗೆ ಹೋದರು. ಅದಕ್ಕೆ ಯಾವ ಗಣ ಹಾಕ್ತೀರಿ? ಲೆಕ್ಕ ಶುರು ಆದರೆ ಸಿಟ್ಟು ಸತ್ತುಹೋಗುತ್ತೆ. ನಿಮ್ಮ ಬ್ಯಾಂಡ್ ನನಗೆ ಇಷ್ಟ ಆಗೋದೇ ಅದು ಹದಗೆಟ್ಟಿರೋದಕ್ಕೆ.

ಮೇಷ್ಟ್ರು_ತುಮಕೂರು:

ನಾನು ಕನ್ನಡ ಮೇಷ್ಟ್ರು. ನಿಮ್ಮ ಸಂಗೀತ ನನಗೆ ತಲೆನೋವು, ಮಗಳು ಈ ಚರ್ಚೆ ತೋರಿಸಿದಳು.

ಮೂರುಕಾರ್ಡ್ ಅವರೇ, ನೀವು ಬರೆದಿರುವುದು ಹೆಚ್ಚುಕಮ್ಮಿ ಮಂದಾನಿಲ ರಗಳೆ. ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಹದಿನಾರು ಮಾತ್ರೆ. ಎರಡೆರಡು ಸಾಲಿಗೆ ಆದಿಪ್ರಾಸ, ಅಂತ್ಯಪ್ರಾಸ ಎರಡೂ ಬೇಕು. ನಿಮ್ಮ ಸಾಲುಗಳಲ್ಲಿ ಎರಡೂ ಇವೆ. ಹರಿಹರ ಶರಣರ ಕಥೆಗಳನ್ನು ಹೇಳಲು ರಗಳೆ ಹಿಡಿದದ್ದು ಸುಮ್ಮನೆ ಅಲ್ಲ. ಷಟ್ಪದಿಯಲ್ಲಿ ಆರು ಸಾಲಿಗೆ ಪದ್ಯ ಮುಗಿಯುತ್ತದೆ, ನಿಲ್ಲಬೇಕು. ರಗಳೆಗೆ ಇಷ್ಟೇ ಸಾಲು ಅಂತ ಮಿತಿ ಇಲ್ಲ. ದಮ್ಮು ಇರುವವರೆಗೆ ಓಡಬಹುದು. ನಿಮ್ಮ ರ‍್ಯಾಪರ್‌ಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕುಮಾರವ್ಯಾಸನ ಭಾಮಿನಿ ಷಟ್ಪದಿ ಬೇರೆ. ಮೂರು, ನಾಲ್ಕು, ಮೂರು, ನಾಲ್ಕು. ಏಳರ ನಡೆ. ಅದನ್ನು ನಿಮ್ಮ ನಾಲ್ಕರ ಡ್ರಮ್ ಮೇಲೆ ಹಾಕಿದರೆ ಕುಂಟುತ್ತದೆ. ಡ್ರಮ್ ಬಡಿಯುವವರೂ ಏಳಕ್ಕೆ ಬರಬೇಕು.

ರೂಲ್ಸ್_ಬ್ರೇಕ್ ಅವರೇ, ಆ 1.316 ಸೆಕೆಂಡಿನ ಹಾಡಿಗೂ ಗಣ ಹಾಕಬಹುದು. ಸೆಕೆಂಡಿಗೆ ಆರು ಮಾತ್ರೆ ಅಂದರೆ ಸುಮಾರು ಎಂಟು. ನಾಲ್ಕರ ಎರಡು ಗಣ. ಪೂರ್ತಿ ಅಂಕ.

ರೂಲ್ಸ್_ಬ್ರೇಕ್:

ಮೇಷ್ಟ್ರೇ 😂 ಒಪ್ಪಿದೆ. ಆದರೆ ವಾದ ಬಿಟ್ಟಿಲ್ಲ.

ಡಬಲ್_ಪೆಡಲ್:

ನಾನು ಮೂರುಕಾರ್ಡ್ ಬ್ಯಾಂಡಿನ ಡ್ರಮ್ಮರ್. ಸೆಕೆಂಡಿಗೆ ಆರು ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಕೇಳುವವರಿಗೆ: ರ‍್ಯಾಪ್ ಸುಮಾರು 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ನಡೆಯುತ್ತೆ ಅಂತ ಇಟ್ಟುಕೊಳ್ಳಿ. ಒಂದು ಬೀಟ್‌ಗೆ ನಾಲ್ಕು ಮಾತ್ರೆ. ನಿಮಿಷಕ್ಕೆ 360, ಸೆಕೆಂಡಿಗೆ ಆರು. ನಾವು ಬಾರಿಸೋದು 180ರ ಆಸುಪಾಸು. 180ರ ಅರ್ಧ 90. ಅಂದರೆ ಅವರ ಒಂದು ಬಾರ್, ನಮ್ಮ ಎರಡು ಬಾರ್. ಗಡಿಯಾರ ಒಂದೇ.

ಹಾರ್ಡ್‌ಕೋರ್‌ನಲ್ಲಿ ಬ್ರೇಕ್‌ಡೌನ್ ಅಂತ ಬರುತ್ತಲ್ಲ, ಓಡ್ತಾ ಇದ್ದ ಹಾಡು ಇದ್ದಕ್ಕಿದ್ದಂತೆ ಅರ್ಧ ವೇಗಕ್ಕೆ ಇಳಿದು, ಪಿಟ್‌ನಲ್ಲಿ ಎಲ್ಲರೂ ಹುಚ್ಚೆದ್ದು ಕೈಕಾಲು ಬೀಸುವ ಜಾಗ. ಅಲ್ಲಿ ಸ್ನೇರ್, ಅಂದರೆ ಚಟ್ ಅನ್ನೋ ಚಿಕ್ಕ ಡ್ರಮ್, ಬಾರ್‌ನ ಮೂರನೇ ಏಟಿಗೆ ಮಾತ್ರ ಬೀಳುತ್ತೆ. ರ‍್ಯಾಪ್ ಕೂರಬೇಕಾದ್ದು ಅಲ್ಲೇ. ನಾನು ವೇಗ ಬದಲಿಸಬೇಕಿಲ್ಲ, ಸ್ನೇರ್ ಜಾಗ ಬದಲಿಸಿದರೆ ಸಾಕು.

ಹಾಡಿಗೆ ವಿರೋಧ ಮಾಡ್ತಿರೋದು ನಾನಲ್ಲ, ಗಿಟಾರಿಸ್ಟ್.

ಹಳೇ_ಕ್ಯಾಸೆಟ್:

ಇದು ಹೊಸ ವಿಷಯ ಅನ್ನೋ ಹಾಗೆ ಮಾತಾಡ್ತಿದ್ದೀರಿ. ನ್ಯೂಯಾರ್ಕ್‌ನಲ್ಲಿ ಪಂಕ್ ಮತ್ತು ರ‍್ಯಾಪ್ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಬೆಳೆದವು. ಬೀಸ್ಟಿ ಬಾಯ್ಸ್ ಶುರುವಾಗಿದ್ದೇ ಹಾರ್ಡ್‌ಕೋರ್ ಬ್ಯಾಂಡಾಗಿ. 1982ರ ಅವರ ಮೊದಲ ರೆಕಾರ್ಡ್ ಕೇಳಿದರೆ ರ‍್ಯಾಪ್‌ನ ಸುಳಿವೇ ಇಲ್ಲ. ನಾಲ್ಕು ವರ್ಷದಲ್ಲಿ ಅವರು ರ‍್ಯಾಪ್ ಆಲ್ಬಂ ಮಾಡಿ ಮನೆಮಾತಾದರು. ಅವರ ಜೊತೆಗಿದ್ದ ರಿಕ್ ರೂಬಿನ್ ಕೂಡ ಪಂಕ್ ಬ್ಯಾಂಡಿನ ಹುಡುಗ. 1984ರಲ್ಲಿ ಯೂನಿವರ್ಸಿಟಿ ಹಾಸ್ಟೆಲ್ ರೂಮಿನಿಂದ ಡೆಫ್ ಜಾಮ್ ಅನ್ನೋ ರ‍್ಯಾಪ್ ಲೇಬಲ್ ನಡೆಸಿದ. ರ‍್ಯಾಪರ್ ಐಸ್-ಟಿ ಬಾಡಿ ಕೌಂಟ್ ಅಂತ ಗಿಟಾರ್ ಬ್ಯಾಂಡ್ ಕಟ್ಟಿದ. 1991ರಲ್ಲಿ ರ‍್ಯಾಪ್ ತಂಡ ಪಬ್ಲಿಕ್ ಎನಿಮಿ ಮತ್ತು ಮೆಟಲ್ ಬ್ಯಾಂಡ್ ಆಂಥ್ರಾಕ್ಸ್ ಒಂದೇ ಟ್ರ್ಯಾಕ್‌ನಲ್ಲಿ ಸೇರಿದರು.

ಇನ್ನೊಂದು ಮರೀಬೇಡಿ. ಹಾರ್ಡ್‌ಕೋರ್‌ಗೆ ಆ ವೇಗ ಕೊಟ್ಟವರಲ್ಲಿ ಬ್ಯಾಡ್ ಬ್ರೈನ್ಸ್ ಮುಖ್ಯ. ವಾಷಿಂಗ್ಟನ್ ಡಿಸಿಯ ಕಪ್ಪು ಹುಡುಗರು. ಮೊದಲು ಜಾಝ್ ಫ್ಯೂಷನ್ ನುಡಿಸ್ತಿದ್ದರು. ಅದಕ್ಕೇ ಅಷ್ಟು ವೇಗದಲ್ಲೂ ಕೈ ತಪ್ಪಲ್ಲ. ಲೆಕ್ಕ ಗೊತ್ತಿದ್ದವರಿಗೂ ಸಿಟ್ಟು ಬರುತ್ತೆ, ರೂಲ್ಸ್_ಬ್ರೇಕ್.

ಆದರೆ ಒಂದು ಎಚ್ಚರಿಕೆ. 1981ರಲ್ಲಿ ದ ಕ್ಲ್ಯಾಶ್ ಅನ್ನೋ ಪಂಕ್ ಬ್ಯಾಂಡ್ ನ್ಯೂಯಾರ್ಕಿನಲ್ಲಿ ಸಾಲಾಗಿ ಶೋ ಕೊಟ್ಟಾಗ, ತಮಗೆ ಇಷ್ಟ ಅಂತ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನ ರ‍್ಯಾಪ್ ತಂಡವನ್ನು ಮೊದಲು ಹತ್ತಿಸಿದರು. ಪಂಕ್ ಜನ ಕೂಗಿ, ಕೈಗೆ ಸಿಕ್ಕಿದ್ದು ಎಸೆದು ಕಳಿಸಿದರು. ಬ್ಯಾಂಡಿಗೆ ಇಷ್ಟವಾದದ್ದು ಬ್ಯಾಂಡಿನ ಜನಕ್ಕೂ ಇಷ್ಟವಾಗಬೇಕು ಅಂತ ಇಲ್ಲ.

ಸುಂಕದಕಟ್ಟೆ_ಕೇಳುಗ:

ಹಳೇ_ಕ್ಯಾಸೆಟ್ ಹೇಳಿದ ಕೊನೆ ಮಾತಿಗೆ ನಾನು ಬಂದೆ. ಆ ಅಣ್ಣನ ಟ್ರ್ಯಾಕ್ ಕೇಳುವವರು ನಾವು. ನಿಮ್ಮ ಗಿಗ್ ನಡೆಯೋದು ಇಂದಿರಾನಗರ, ಕೋರಮಂಗಲದ ಕಡೆ. ಬಾಗಿಲಲ್ಲೇ ದುಡ್ಡು, ಒಳಗೆ ನೀರಿನ ಬಾಟಲಿಗೂ ಹೋಟೆಲ್ ರೇಟು. ಹನ್ನೊಂದರ ಹೊತ್ತಿಗೆ ಕೊನೆ ಮೆಟ್ರೋ, ಅದು ತಪ್ಪಿದರೆ ಆಟೋದವನು ಕೇಳಿದ್ದು ಕೊಡಬೇಕು. ಸ್ಟೇಜ್ ಮೇಲೆ ಕನ್ನಡ, ಸರಿ. ಕೆಳಗೆ ನಿಂತವರು ಮಾತಾಡೋದು ಯಾವ ಭಾಷೆ? ನಮ್ಮ ಹುಡುಗರು ಬಂದರೆ ಮೂಲೆಯಲ್ಲಿ ನಿಂತು ಬರ್ತಾರೆ.

ಅಂಡರ್‌ಗ್ರೌಂಡ್ ಅಂತ ಇಬ್ಬರೂ ಹೇಳಿಕೊಳ್ತೀರಿ. ನಿಮಗೆ ಅದು ಇಷ್ಟಪಟ್ಟು ಆರಿಸಿಕೊಂಡದ್ದು. ಅವರಿಗೆ ಬೇರೆ ದಾರಿ ಇರಲಿಲ್ಲ. ಬ್ರೋಧಾ ವಿ, ಆಲ್ ಓಕೆ, ರಾಹುಲ್ ಡಿಟ್ಟೋ, ಎಂಸಿ ಬಿಜ್ಜು, ಈ ರ‍್ಯಾಪರ್‌ಗಳೆಲ್ಲ ತಳದಿಂದ ಬಂದು ಹೆಸರು ಮಾಡಿದರು, ಖುಷಿ. 2024ರಲ್ಲಿ ಹನುಮಾನ್‌ಕೈಂಡ್ ಹಾಡು ಜಗತ್ತೆಲ್ಲ ಓಡಿತು, ಅದೂ ಖುಷಿ. ನಮ್ಮ ಅಣ್ಣ ಮಾತ್ರ ಇನ್ನೂ ಶಿಫ್ಟ್ ಮುಗಿಸಿ ಬಂದು ಬರೀತಾರೆ. ನಿಮ್ಮ ಬ್ಯಾಂಡಿಗೆ ಸ್ವಲ್ಪ ಮಣ್ಣಿನ ವಾಸನೆ ಬೇಕು ಅಂತ ಅವರನ್ನು ಕರೆಯೋದಾದರೆ ಬೇಡ.

ಮೂರುಕಾರ್ಡ್:

ಸುಂಕದಕಟ್ಟೆ ಅಣ್ಣ, ದುಡ್ಡಿನ ಮಾತು ನಿಜ. ಬಾಗಿಲ ದುಡ್ಡಿನಲ್ಲಿ ನಮಗೆ ಬರೋದು ಪ್ರಾಕ್ಟೀಸ್ ಮಾಡೋ ಜಾಮ್ ರೂಮ್ ಬಾಡಿಗೆಗೂ ಸಾಲಲ್ಲ, ಆದರೆ ಕೊಡುವವರಿಗೆ ಅದರಿಂದ ಏನೂ ಕಡಿಮೆ ಆಗಲ್ಲ ಅಂತಲೂ ಗೊತ್ತು.

ಮಣ್ಣಿನ ವಾಸನೆಯ ಮಾತು ಒಪ್ಪಲ್ಲ. ಗಿಗ್‌ಗೆ ಅವರೇ ಬಂದರು. ಹಾಳೆ ಅವರೇ ಎತ್ತಿಕೊಂಡರು. ಹಾಡು ಮಾಡೋಣ ಅಂದದ್ದೂ ಅವರೇ. ನಾನು ಕರೆಯುವ ಧೈರ್ಯ ಕೂಡ ಮಾಡಿರಲಿಲ್ಲ. ಯಾಕೆ ಬಂದಿರಿ ಅಂತ ಕೇಳಿದ್ದೆ. "ಲೇತ್ ಪಕ್ಕ ದಿನಾ ಎಂಟು ಗಂಟೆ ನಿಲ್ತೀನಿ. ಸದ್ದಿನೊಳಗೆ ಮಾತು ಹೆಂಗೆ ಬದುಕುತ್ತೆ ಅಂತ ನೋಡೋಕೆ ಬಂದೆ" ಅಂದರು. ಅವರಿಗೂ ನಮ್ಮಿಂದ ಏನೋ ಬೇಕಿತ್ತು. ಇಲ್ಲಿ ಒಬ್ಬರೇ ಕೊಡುವವರು, ಒಬ್ಬರೇ ಪಡೆಯುವವರು ಇಲ್ಲ.

ರೂಲ್ಸ್_ಬ್ರೇಕ್‌ಗೂ ಒಂದು ಮಾತು. ನಮ್ಮ ಸಂಗೀತದಲ್ಲಿ ಕೆಟ್ಟ ಸಾಲು ಬಚ್ಚಿಟ್ಟುಕೊಳ್ಳಬಹುದು. ಗಿಟಾರ್ ಇದೆ, ಕಿರುಚಾಟ ಇದೆ, ಯಾರಿಗೂ ಕೇಳಲ್ಲ. ಅವರಿಗೆ ಆ ಸೌಕರ್ಯ ಇಲ್ಲ. ಒಂದು ಬೀಟು, ಒಂದು ಬಾಯಿ. ಸಾಲು ಸೋತರೆ ಅಲ್ಲೇ ಗೊತ್ತಾಗುತ್ತೆ. ಹಾಗೆ ಬರೆದವರ ಮುಂದೆ ನಮ್ಮ ಹಾಳೆ ನಿಲ್ಲುತ್ತಾ ಅನ್ನೋದು ನನಗೆ ದೊಡ್ಡ ಪ್ರಶ್ನೆ. ಸಿಟ್ಟು ಜಾಸ್ತಿ ಇದೆ ಅಂತ ಸಡಿಲ ಸಾಲಿಗೆ ಮಾಫಿ ಕೊಡೋಕಾಗಲ್ಲ.

ಶ್ರೀರಾಂಪುರ_78:

ನಿಮ್ಮಲ್ಲಿ ಜಾಸ್ತಿ ಜನ ಹುಟ್ಟೋಕೆ ಮುಂಚೆ ನಾವು ಬೀದಿಯಲ್ಲಿ ಹಾಡ್ತಿದ್ದೆವು. ದಲಿತ ಸಂಘರ್ಷ ಸಮಿತಿಯ ಸಭೆ, ಧರಣಿ, ಜಾಥಾ. ಮೈಕ್ ಇರ್ತಿರಲಿಲ್ಲ. ಇದ್ದರೂ ಅರ್ಧ ದಾರಿಗೆ ಬ್ಯಾಟರಿ ಹೋಗ್ತಿತ್ತು. ನಮ್ಮ ಶ್ರೀರಾಂಪುರದಲ್ಲೇ ಬೆಳೆದ ಸಿದ್ದಲಿಂಗಯ್ಯನವರ ಮೊದಲ ಸಂಕಲನ ಬಂದದ್ದು 1975ರಲ್ಲಿ. ಓದು ಬಾರದವರಿಗೂ ಆ ಪದ್ಯಗಳು ಬಾಯಿಗೆ ಬಂದಿದ್ದವು, ಹಾಡಿ ಹಾಡಿಯೇ.

ನೀವು ಪಿಟ್ ಕೂಗುತ್ತೆ ಅಂತೀರಲ್ಲ, ಅದು ನಮ್ಮಲ್ಲೂ ಇತ್ತು. ಒಬ್ಬ ಎತ್ತಿ ಹೇಳುತ್ತಾನೆ, ಕೊನೆಯ ಪದ ಜನ ಹೇಳುತ್ತಾರೆ. ಯಾಕೆ ಗೊತ್ತಾ? ಹೇಳುವವನ ಉಸಿರಿಗೆ. ಮೈಲಿಗಟ್ಟಲೆ ನಡೀತಾ ಹಾಡಬೇಕು. ಜನ ಕೂಗುವಾಗ ಅವನು ಉಸಿರು ಎಳ್ಕೊಬೇಕು. ಕೊನೆಯ ಪದ ಸಣ್ಣದಿರಬೇಕು, ಬಾಯಿ ತೆರೆದು ಹೇಳುವಂಥದ್ದು ಇರಬೇಕು. 'ಇಲ್ಲ' ಒಳ್ಳೇ ಪದ.

ತಮಟೆ ಬಗ್ಗೆ ಒಂದು ಹೇಳಿಬಿಡ್ತೀನಿ. ಬಾರಿಸುವ ಮುಂಚೆ ಬೆಂಕಿ ಹಾಕಿ ಕಾಯಿಸಬೇಕು. ಬಿಸಿಗೆ ಚರ್ಮ ಬಿಗಿಯಾಗಿ ದನಿ ಏರುತ್ತೆ. ತಣ್ಣಗಾದರೆ ದನಿ ಇಳಿಯುತ್ತೆ, ಮತ್ತೆ ಕಾಯಿಸಬೇಕು. ಅದಕ್ಕೇ ಪೇಪರ್, ಹುಲ್ಲು ಪಕ್ಕದಲ್ಲೇ ಇಟ್ಕೊಂಡಿರ್ತಿದ್ದೆವು. ಕಂಪ್ಯೂಟರಿನಲ್ಲಿ ತಮಟೆ ಸದ್ದು ಹಾಕಿಕೊಳ್ಳುವ ಹುಡುಗರಿಗೆ ಈ ಏರಿಳಿತ ಸಿಗಲ್ಲ. ಒಂದೇ ಬಿಗಿ, ಮೊದಲಿಂದ ಕೊನೆವರೆಗೆ.

ಪಿಟ್_ಪುಟ್ಟಿ:

ಶ್ರೀರಾಂಪುರ ಅಂಕಲ್, ನೀವು ಇನ್ನೂ ಜಾಸ್ತಿ ಬರೀಬೇಕು. ಬೇರೆ ಚರ್ಚೆ ಶುರು ಮಾಡಿ ಅದಕ್ಕೇ.

ಸೌಂಡ್_ಚೆಕ್:

ಲೈವ್ ಸೌಂಡ್ ನೋಡಿಕೊಳ್ಳುವವನು ನಾನು. ಸಾಹಿತ್ಯ ಮಂದಾನಿಲವೋ ಬಿರುಗಾಳಿಯೋ, ಮೈಕ್ ಸರಿಯಾಗಿ ಹಿಡಿಯದಿದ್ದರೆ ಏನೂ ಕೇಳಲ್ಲ. ರ‍್ಯಾಪರ್‌ಗಳಿಗೂ ಹಾರ್ಡ್‌ಕೋರ್ ಹುಡುಗರಿಗೂ ಒಂದೇ ಚಟ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತೀರಿ. ಶೂರ್ ಎಸ್‌ಎಂ 58 ತರಹದ ಮೈಕು ಮುಂದಿನ ದನಿಯನ್ನು ಹಿಡಿದು ಹಿಂದಿನದನ್ನು ಬಿಡೋಕೆ, ಆ ಜಾಲರಿಯ ಹಿಂಭಾಗದಿಂದಲೂ ಸದ್ದು ಒಳಗೆ ಹೋಗಬೇಕು. ಅದನ್ನು ಮುಚ್ಚಿದರೆ ಮೈಕು ಸುತ್ತಮುತ್ತಲಿನದನ್ನೆಲ್ಲ ಹಿಡಿಯುತ್ತೆ. ಸ್ಟೇಜ್ ಮಾನಿಟರ್ ಸದ್ದು ಒಳಗೆ ನುಗ್ಗಿ ಕುಯ್ ಅನ್ನುತ್ತೆ. ದನಿ ಡಬ್ಬದೊಳಗಿಂದ ಬಂದ ಹಾಗಾಗುತ್ತೆ. ಕನ್ನಡದ ತ, ಟ, ದ, ಡ ವ್ಯತ್ಯಾಸ ಅಲ್ಲೇ ಕಳೆದುಹೋಗುತ್ತೆ. ನಿಮ್ಮ ಆ ನಾಲ್ಕು ಡ ಇದೆಯಲ್ಲ, ಹಾಲ್‌ನ ಹಿಂದಿನ ಗೋಡೆಗೆ ಒಂದೂ ತಲುಪಿರಲ್ಲ.

ಕೈ ಕೆಳಗೆ ಹಿಡೀರಿ. ಬಾಯಿಗೆ ಹತ್ತಿರ, ಸ್ವಲ್ಪ ಓರೆ. ಪ, ಬ ಬಂದಾಗ ಗಾಳಿ ನೇರ ಹೊಡೆಯಲ್ಲ. ಮತ್ತೆ ಗಿಟಾರಿಸ್ಟ್‌ಗೆ ಹೇಳಿ, ಆಂಪ್‌ನಲ್ಲಿ ಮಿಡ್ (ನಡುವಿನ ಸ್ವರಮಟ್ಟ) ಸ್ವಲ್ಪ ಇಳಿಸಲಿ. ಮಾತು ಇರೋದೂ ಅಲ್ಲೇ.

ಡಬಲ್_ಪೆಡಲ್:

ಗಿಟಾರಿಸ್ಟ್‌ಗೆ ಓದಿ ಹೇಳಿದೆ. ಬೈದ.

ಮೂರುಕಾರ್ಡ್:

ಅಪ್‌ಡೇಟ್. ಭಾನುವಾರ ಜಾಮ್ ಮಾಡಿದೆವು. ಅವರು ಬಂದರು.

ಮೊದಲು 180ಕ್ಕೆ ನೇರ ಶುರು ಮಾಡಿದೆವು, ಅವರಿಗೆ ಎಲ್ಲಿ ಹೊಗಬೇಕು ಅಂತ ಸಿಗಲಿಲ್ಲ. ನಮ್ಮ ಡ್ರಮ್ಮರ್ ಹೇಳಿದ ಹಾಗೆ ಸ್ನೇರ್ ಮೂರನೇ ಏಟಿಗೆ ಸರಿಸಿದ. ಅಷ್ಟೇ! ಅವರು ಕಣ್ಣು ಮುಚ್ಚಿ, ತಲೆ ಆಡಿಸಿ, ನಡುವೆ ನುಗ್ಗಿಬಿಟ್ಟರು. ಅವರು ತಂದಿದ್ದ ಹೊಸ ಸಾಲು, ಹಾಕಬಹುದು ಅಂದಿದ್ದಾರೆ:

ಲೇತಿಗೆ ಶಿಫ್ಟಿದೆ, ಮಾತಿಗೆ ರಜೆಯಿಲ್ಲ
ಸೋತರೆ ನಗುವರು, ಕೂತರೆ ಮಜವಿಲ್ಲ

ನೋಡಿ. ನಾಲ್ಕು ನಾಲ್ಕು ನಾಲ್ಕು, ಕೊನೆಗೆ ನಮ್ಮದೇ ಐದು. ಎರಡನೇ ಅಕ್ಷರ ನಾಲ್ಕು ಕಡೆಯೂ ತ. 'ಇಲ್ಲ' ಜನಕ್ಕೆ ಬಿಟ್ಟಿದ್ದಾರೆ. ಹದಿನಾರಕ್ಕೆ ಕಟ್ಟು ಅಂತ ಹೇಳಿದವರೇ ಹದಿನೇಳರಲ್ಲಿ ಬರೆದುಕೊಂಡು ಬಂದಿದ್ದರು. ನಾನು ಏನೂ ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ ಹಬ್ಬ.

ಜಗಳವೂ ಆಯ್ತು. ತಾವು ಹೇಳುವಾಗ ಗಿಟಾರ್ ಪೂರ್ತಿ ನಿಲ್ಲಬೇಕು ಅಂತ ಅವರು. ಗಿಟಾರ್ ನಿಂತರೆ ಅದು ಹಾರ್ಡ್‌ಕೋರ್ ಅಲ್ಲ ಅಂತ ನಮ್ಮ ಗಿಟಾರಿಸ್ಟ್. ಇಬ್ಬರೂ ಬಿಡಲಿಲ್ಲ. ಬಾಸ್ ನುಡಿಸುವವಳು ಕೊನೆಗೆ ಒಂದು ದಾರಿ ಹೇಳಿದಳು. ಅವರ ಸಾಲಿನ ಕೆಳಗೆ ಬಾಸ್ ಮತ್ತು ಹೈಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಮಾತ್ರ. 'ಇಲ್ಲ' ಬರುವ ಏಟಿಗೆ ಗಿಟಾರ್ ಒಟ್ಟಿಗೆ ಬೀಳಬೇಕು. ಹಾಗೆ ಮಾಡಿದಾಗ ರೂಮಿನ ಬಾಗಿಲು ಅದುರಿತು. ಗಿಟಾರಿಸ್ಟ್ ಈಗ ಇದು ತನ್ನದೇ ಐಡಿಯಾ ಅಂತ ಎಲ್ಲರಿಗೂ ಹೇಳ್ತಿದ್ದಾನೆ.

ಕೊನೆಗೆ ಅವರಿಗೆ ಕಿರುಚಿ ನೋಡುವ ಆಸೆ ಆಯ್ತು. ಗಂಟಲಿನಿಂದ ಎಳೆದರು, ಕೆಮ್ಮು ಹತ್ತಿತು. "ನೀನು ಒಂದು ಗಂಟೆ ಹೆಂಗೋ ಇದನ್ನ ಮಾಡ್ತೀಯ?" ಅಂತ ಕೇಳಿದರು. ಹೊಟ್ಟೆಯಿಂದ ಗಾಳಿ ತಳ್ಳಬೇಕು, ಗಂಟಲು ಸಡಿಲ ಬಿಡಬೇಕು, ನೋವು ಶುರುವಾದರೆ ಅಲ್ಲೇ ನಿಲ್ಲಿಸಬೇಕು. ನಿಜವಾಗಿ ಅಷ್ಟು ಜೋರು ಬೇಕಿಲ್ಲ, ಮೈಕು ಇದೆಯಲ್ಲ. ನಿಧಾನವಾಗಿ ಹೇಳಿಕೊಟ್ಟೆ. ಶಾಲೆ ಹುಡುಗನ ಹಾಗೆ ಕೈಕಟ್ಟಿ ಕೇಳಿಸಿಕೊಂಡರು. ಅವರ ಟ್ರ್ಯಾಕ್ ಕೇಳಿ ಬರೆಯೋದು ಕಲಿತ ನನಗೆ ಅದು ಹೇಗಿತ್ತು ಅಂತ ಬರೆಯೋಕೆ ಬರಲ್ಲ.

ರೂಲ್ಸ್_ಬ್ರೇಕ್:

ಸಾಲು ಚೆನ್ನಾಗಿದೆ, ಒಪ್ಪಲೇಬೇಕು. 'ಮಾತಿಗೆ ರಜೆಯಿಲ್ಲ' ಟೀ ಶರ್ಟ್ ಮೇಲೆ ಹಾಕಿ, ನಾನು ತಗೋತೀನಿ. ಆದರೂ ಹೇಳ್ತೀನಿ, ನಿಮ್ಮ ಮುಂದಿನ ಆಲ್ಬಂ ಪೂರ್ತಿ ರಗಳೆ ಆದರೆ ನಾನು ಬರಲ್ಲ.

ಮೇಷ್ಟ್ರು_ತುಮಕೂರು:

ಎರಡು ಸಾಲಿನ 'ರಜೆ', 'ಮಜ' ಗಮನಿಸಿದಿರಾ? ಅಲ್ಲೂ ಎರಡನೇ ಅಕ್ಷರ ಜ. ಆ ಲೇತ್ ಕೆಲಸದವರು ನನ್ನ ಕ್ಲಾಸಿಗೆ ಬಂದು ಒಂದು ಪಾಠ ಮಾಡುತ್ತಾರಾ, ಕೇಳಿ. ಡ್ರಮ್ ಬೇಡ.

ಸುಂಕದಕಟ್ಟೆ_ಕೇಳುಗ:

ಸಾಲು ಓದಿದೆ. ಅಣ್ಣನದೇ, ಅನುಮಾನ ಇಲ್ಲ. ಸರಿ, ಶೋ ಎಲ್ಲಿ? ಪಬ್ ಅಂದರೆ ನಾವು ಬರಲ್ಲ.

ಹಳೇ_ಕ್ಯಾಸೆಟ್:

ಪಬ್‌ನಲ್ಲಿ ಮಾಡೋದು ಅಷ್ಟು ಸುಲಭವೂ ಅಲ್ಲ. ಈ ಊರಿಗೆ ದೊಡ್ಡ ಸದ್ದು ಹೊಸದೇನಲ್ಲ. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹೋದರು. ಚಿಕ್ಕ ಜಾಗಗಳ ಕಥೆ ಬೇರೆ. ಪೊಲೀಸ್ ಇಲಾಖೆಯ 2005ರ ಆದೇಶದ ಪ್ರಕಾರ ಲೈವ್ ಸಂಗೀತಕ್ಕೆ ಬೇರೆ ಲೈಸೆನ್ಸ್ ಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ಎತ್ತಿ ಹಿಡಿದ ಮೇಲೆ ಎಷ್ಟೋ ಕಡೆ ಸ್ಟೇಜ್ ತೆಗೆದು ಟೇಬಲ್ ಹಾಕಿದರು. ಡ್ಯಾನ್ಸ್ ಬಾರ್ ತಡೆಯೋಕೆ ತಂದ ನಿಯಮದಲ್ಲಿ ಗಿಟಾರ್ ಹುಡುಗರೂ ಸಿಕ್ಕಿಹಾಕಿಕೊಂಡರು. ಬಯಲಿನಲ್ಲಿ ಮಾಡಿದರೆ ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ ಹತ್ತಕ್ಕೆ ನಿಲ್ಲಿಸಬೇಕು.

ಮೂರುಕಾರ್ಡ್:

ಅದಕ್ಕೇ ಜಾಮ್ ರೂಮಿನಲ್ಲೇ ಮಾಡ್ತೀವಿ. ರಾಜಾಜಿನಗರದ ಕಡೆ, ಮೆಟ್ರೋದಿಂದ ನಡೆಯುವ ದೂರ. ಭಾನುವಾರ ಮಧ್ಯಾಹ್ನ, ಅವರಿಗೂ ಅವತ್ತೇ ರಜೆ. ಬಾಗಿಲಲ್ಲಿ ದುಡ್ಡಿಲ್ಲ, ಒಂದು ಡಬ್ಬ ಇಡ್ತೀವಿ, ಮನಸ್ಸಿದ್ದವರು ಹಾಕಿ. ರೂಮ್ ಚಿಕ್ಕದು, ಜನ ಜಾಸ್ತಿ ಆದರೆ ಎರಡು ಸಲ ನುಡಿಸ್ತೀವಿ. ವಿಳಾಸ ಬೇಕಾದವರು ನನಗೆ ಮೆಸೇಜ್ ಮಾಡಿ. ವಿಡಿಯೋ ಬೇಡ, ಅವರ ಮುಖ ಎಲ್ಲೂ ಹಾಕಬೇಡಿ.

ಶ್ರೀರಾಂಪುರದ ಸಾರ್, ನೀವು ಬಂದರೆ ಕುರ್ಚಿ ಹಾಕಿಸ್ತೀವಿ.

ಶ್ರೀರಾಂಪುರ_78:

ಕುರ್ಚಿ ಬೇಡ. ತಮಟೆ ತರಲಾ? ಕಾಯಿಸೋಕೆ ಹೊರಗೆ ಜಾಗ ಇದೆಯಾ?

ಮೂರುಕಾರ್ಡ್:

ತನ್ನಿ ಸಾರ್! ಹಿಂದೆ ಪಾರ್ಕಿಂಗ್ ಇದೆ, ವಾಚ್‌ಮ್ಯಾನ್‌ಗೆ ನಾನು ಹೇಳ್ತೀನಿ.

ಪಿಟ್_ಪುಟ್ಟಿ:

ಅಷ್ಟು ಚಿಕ್ಕ ರೂಮಿನಲ್ಲಿ ಪಿಟ್ ಇರುತ್ತಾ? ಹುಡುಗಿಯರು ಮುಂದೆ ನಿಲ್ಲಬಹುದಾ, ಮೊಣಕೈ ತಿನ್ನದೆ? ಹೋದ ಸಲ ಒಬ್ಬ ಬೇಕಂತಲೇ ನುಗ್ತಿದ್ದ.

ಡಬಲ್_ಪೆಡಲ್:

ಮುಂದಿನ ಸಾಲು ಹುಡುಗಿಯರಿಗೆ. ಯಾರಾದರೂ ಬಿದ್ದರೆ ಮೊದಲು ಎತ್ತಿ, ಆಮೇಲೆ ಕುಣೀರಿ. ಬೇಕಂತ ನುಗ್ಗುವವನು ಕಂಡರೆ ನನಗೆ ಕೈ ತೋರಿಸಿ, ಹಾಡು ಅಲ್ಲೇ ನಿಲ್ಲಿಸ್ತೀನಿ. ಕಿವಿಗೆ ಇಯರ್‌ಪ್ಲಗ್ ತನ್ನಿ, ರೂಮಿನಲ್ಲಿ ಸಿಂಬಲ್ ಸದ್ದು ತಡೆಯೋಕಾಗಲ್ಲ.

ಸುಂಕದಕಟ್ಟೆ_ಕೇಳುಗ:

ನಾವು ನಾಲ್ಕೈದು ಜನ ಗಾಡಿಯಲ್ಲಿ ಬರ್ತೀವಿ. ಹೆಲ್ಮೆಟ್ ಇಡೋಕೆ ಜಾಗ ಇದೆಯಾ?

ಡಬಲ್_ಪೆಡಲ್:

ಡ್ರಮ್ ಕೇಸ್ ಹಿಂದೆ ಇಡಿ. ಹೆಲ್ಮೆಟ್ ಹಾಕ್ಕೊಂಡೇ ಪಿಟ್‌ಗೆ ಇಳಿಯಬೇಡಿ. ಒಬ್ಬ ಹಾಗೆ ಬಂದಿದ್ದ, ನನ್ನ ಕ್ರ್ಯಾಶ್ ಸಿಂಬಲ್‌ಗೆ ಡಿಚ್ಚಿ ಹೊಡೆದ.